ದುಬೈ ಸ್ಕೂಲಿಗೆ ಟೀಚರ್ ಆಗಿ ಅಪ್ಲೈ ಮಾಡೋ ಮುಂಚೆ ಆ ಸ್ಕೂಲನ್ನ ಜಾಲಾಡೋದು ಹೇಗೆ

ಬಿ.ಎಡ್ ಮುಗ್ಸಿ ಇಲ್ಲಿ ನಾಲ್ಕೈದು ವರ್ಷ ಪಾಠ ಮಾಡಿದವರಿಗೆ ವಾಟ್ಸಾಪಲ್ಲಿ ಗಲ್ಫ್ ಸ್ಕೂಲಿನ ಪೋಸ್ಟರ್ ಬಂತು ಅಂದ್ರೆ ಮೊದ್ಲು ಕಣ್ಣು ಹೋಗೋದು ಸಂಬಳದ ಮೇಲೆ, ಆಮೇಲೆ ವೆಬ್‌ಸೈಟಲ್ಲಿರೋ ಸ್ವಿಮ್ಮಿಂಗ್ ಪೂಲ್ ಫೋಟೋ ಮೇಲೆ. ಎರಡನ್ನೂ ಸ್ವಲ್ಪ ಪಕ್ಕಕ್ಕಿಡಿ. ಸ್ಕೂಲ್ ತನ್ನ ಬಗ್ಗೆ ತಾನು ಹೇಳ್ಕೊಳ್ಳೋದು ಹೇಗೂ ಚೆನ್ನಾಗೇ ಇರುತ್ತೆ, ಬೇರೆಯವ್ರು ಅದ್ರ ಬಗ್ಗೆ ಏನ್ ಬರ್ದಿದ್ದಾರೆ ಅಂತ ಹುಡುಕ್ಬೇಕು, ಆ ವಿಷಯದಲ್ಲಿ ದುಬೈ ನಮ್ಮಂಥವರಿಗೆ ಅನುಕೂಲದ ಊರು.

ಯಾಕಂದ್ರೆ ಅಲ್ಲಿ ಪ್ರೈವೇಟ್ ಸ್ಕೂಲುಗಳನ್ನ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಕೆಎಚ್‌ಡಿಎ 2008ರಿಂದ ಇನ್‌ಸ್ಪೆಕ್ಷನ್ ಮಾಡಿ ರಿಪೋರ್ಟನ್ನ ಎಲ್ರಿಗೂ ಕಾಣೋ ಹಾಗೆ ಹಾಕ್ತಾ ಬಂದಿದೆ. ಔಟ್‌ಸ್ಟ್ಯಾಂಡಿಂಗ್, ವೆರಿ ಗುಡ್, ಗುಡ್, ಆಕ್ಸೆಪ್ಟಬಲ್, ವೀಕ್, ವೆರಿ ವೀಕ್ ಅಂತ ಆರು ದರ್ಜೆ. ಎಲ್ರೂ ದರ್ಜೆ ನೋಡಿ ಮುಚ್ಚಿಡ್ತಾರೆ, ಹಾಗ್ ಮಾಡ್ಬೇಡಿ. ಶುರುವಲ್ಲೇ ಸ್ಕೂಲಿನ ಮಾಹಿತಿ ಇರೋ ಪುಟ ತೆಗೀರಿ: ಮಕ್ಕಳೆಷ್ಟು, ಟೀಚರ್ಸ್ ಎಷ್ಟು, ಒಬ್ಬ ಟೀಚರ್‌ಗೆ ಎಷ್ಟು ಮಕ್ಕಳು, ಟೀಚರ್ಸಲ್ಲಿ ಯಾವ ದೇಶದವ್ರು ಜಾಸ್ತಿ, ಅದ್ರ ಜೊತೆಗೆ ಟೀಚರ್ ಟರ್ನೋವರ್, ಅಂದ್ರೆ ವರ್ಷಕ್ಕೆ ನೂರಕ್ಕೆ ಎಷ್ಟು ಟೀಚರ್ಸ್ ಬಿಟ್ಟು ಹೋದ್ರು ಅನ್ನೋ ಒಂದು ಪರ್ಸೆಂಟೇಜ್. ನನ್ನ ಮಟ್ಟಿಗೆ ಇಡೀ ರಿಪೋರ್ಟಲ್ಲಿ ಆ ಒಂದು ಅಂಕಿಗೇ ಜಾಸ್ತಿ ಬೆಲೆ. ಒಂದೇ ವರ್ಷದ್ದು ನೋಡಿದ್ರೆ ಏನೂ ಗೊತ್ತಾಗಲ್ಲ, ಎರಡ್ಮೂರು ವರ್ಷದ ರಿಪೋರ್ಟ್ ಪಕ್ಕಪಕ್ಕ ಇಟ್ಕೊಳ್ಳಿ. ಒಂದು ವರ್ಷ ಮಾತ್ರ ಏರಿ ಮತ್ತೆ ಇಳಿದಿದ್ರೆ ಪ್ರಿನ್ಸಿಪಾಲ್ ಬದಲಾಗಿರ್ಬಹುದು, ಪ್ರತಿ ವರ್ಷ ಮೂರರಲ್ಲಿ ಒಬ್ರು ಬಿಟ್ಟು ಹೋಗ್ತಾ ಇದ್ರೆ ದರ್ಜೆ ಏನೇ ಇರ್ಲಿ ಒಳಗೆ ಏನೋ ಸರಿ ಇಲ್ಲ ಅಂತಾನೇ ಲೆಕ್ಕ. ಆಮೇಲೆ ನೀವು ಯಾವ ಕ್ಲಾಸಿಗೆ ಹೋಗ್ತೀರೋ ಆ ವಿಭಾಗದ ಮಾರ್ಕ್ ಬೇರೆಯಾಗಿ ನೋಡಿ, ಪ್ರೈಮರಿ ಚೆನ್ನಾಗಿದ್ದು ಹೈಸ್ಕೂಲ್ ಸೊರಗಿರೋ ಸ್ಕೂಲುಗಳೂ ಇರ್ತವೆ. 2024-25ರಲ್ಲಿ ಕೆಎಚ್‌ಡಿಎ ಎಂದಿನ ಹಾಗೆ ಪೂರ್ತಿ ಇನ್‌ಸ್ಪೆಕ್ಷನ್ ಮಾಡ್ಲಿಲ್ಲ, ಹಾಗಾಗಿ ಹೊಸ ರಿಪೋರ್ಟ್ ಸಿಗ್ಲಿಲ್ಲ ಅಂದ ಮಾತ್ರಕ್ಕೆ ಗಾಬರಿ ಬೇಡ, ತಾರೀಖು ಮಾತ್ರ ನೋಡ್ಕೊಂಡು ಓದಿ. ಅಬುಧಾಬಿ ಆದ್ರೆ ಅಡೆಕ್, ಶಾರ್ಜಾ ಆದ್ರೆ ಸ್ಪಿಯಾ ಅಂತ ಅಲ್ಲಿನ ಸಂಸ್ಥೆಗಳೇ ಬೇರೆ.

ಇನ್ನು ಹೆಸರಲ್ಲಿರೋ ಇಂಟರ್‌ನ್ಯಾಷನಲ್ ಅನ್ನೋ ಪದಕ್ಕೆ ಮರುಳಾಗ್ಬೇಡಿ, ನಮ್ಮೂರ ಬಸ್ ಸ್ಟ್ಯಾಂಡ್ ಪಕ್ಕದ ನರ್ಸರಿಗೂ ಅದೇ ಬೋರ್ಡಿದೆ. ನಮ್ದು ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೊರಿಯೇಟ್ ಅನ್ನೋ ಅಂತಾರಾಷ್ಟ್ರೀಯ ಪಠ್ಯಕ್ರಮ) ಸ್ಕೂಲ್ ಅಂತ ಹೇಳ್ಕೊಂಡ್ರೆ ಐಬಿ ಸಂಸ್ಥೆಯ ಸ್ವಂತ ವೆಬ್‌ಸೈಟಲ್ಲಿ ಸ್ಕೂಲ್ ಹೆಸರು ಹಾಕಿ ಹುಡುಕಿ, ಮಾನ್ಯತೆ ಸಿಕ್ಕಿದ್ಯೋ ಇನ್ನೂ ಕ್ಯಾಂಡಿಡೇಟ್ ಹಂತದಲ್ಲೇ (ಮಾನ್ಯತೆಗೆ ಕಾಯ್ತಾ) ಇದ್ಯೋ ತಿಳಿಯುತ್ತೆ. ಸಿಬಿಎಸ್‌ಇ ಸ್ಕೂಲಾದ್ರೆ ವಿದೇಶದ್ದೂ ಸೇರಿ ಸಿಬಿಎಸ್‌ಇ ಪಟ್ಟೀಲಿ ಇರುತ್ತೆ.

ಆಮೇಲೆ ಲಿಂಕ್ಡ್‌ಇನ್. ಅಲ್ಲಿ ಈಗ ಕೆಲ್ಸ ಮಾಡ್ತಿರೋರಿಗಿಂತ ಬಿಟ್ಟು ಹೋದವ್ರನ್ನ ಹುಡುಕಿ, ಎಷ್ಟು ತಿಂಗಳಿದ್ರು, ಇಲ್ಲಿಂದ ಎಲ್ಲಿಗೆ ಹೋದ್ರು ಅಂತ ನೋಡಿ. ಒಂದಿಬ್ಬರಿಗೆ ವಿನಯವಾಗಿ ಮೆಸೇಜ್ ಹಾಕಿ. ಸ್ಕೂಲ್ ಹೇಗಿದೆ ಮೇಡಂ ಅಂತ ಕೇಳಿದ್ರೆ ಚೆನ್ನಾಗಿದೆ ಅಂತಾರೆ, ಅಷ್ಟೇ. ಅದ್ರ ಬದ್ಲು ವಾರಕ್ಕೆ ಎಷ್ಟು ಪೀರಿಯಡ್ ಬರುತ್ತೆ, ಸಬ್‌ಸ್ಟಿಟ್ಯೂಷನ್ ಎಷ್ಟು, ಸಂಬಳ ಯಾವ ತಾರೀಖಿಗೆ ಬೀಳುತ್ತೆ, ಬಿಡೋವಾಗ ಗ್ರಾಚುಟಿ ಸರಿಯಾಗಿ ಕೊಟ್ರಾ ಅಂತ ಕೇಳಿ, ಬಾಯಿ ಬಿಡ್ತಾರೆ. ಹೆಸರಿಲ್ಲದ ರಿವ್ಯೂಗಳನ್ನ ಓದಿ, ಆದ್ರೆ ಸಿಟ್ಟಲ್ಲಿ ಬರೆದವ್ರೇ ಅಲ್ಲಿ ಜಾಸ್ತಿ ಅನ್ನೋದು ನೆನಪಿರ್ಲಿ, ಒಂದೇ ದೂರು ಬೇರೆ ಬೇರೆ ವರ್ಷ ಮತ್ತೆ ಮತ್ತೆ ಬಂದಿದ್ರೆ ಆಗ ನಂಬಿ.

ಆಫರ್ ಬಂದ್ಮೇಲೆ ಒಟ್ಟು ಸಂಬಳ ಕೇಳಿ ಖುಷಿಪಡೋ ಮೊದ್ಲು ಬೇಸಿಕ್ ಎಷ್ಟು ಅಂತ ನೋಡಿ. ಯುಎಇ ಕಾನೂನಲ್ಲಿ ಗ್ರಾಚುಟಿ ಸಿಗೋಕೆ ಕನಿಷ್ಠ ಒಂದು ವರ್ಷ ಇರ್ಬೇಕು, ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್ ಲೆಕ್ಕ. ಎರಡು ಸ್ಕೂಲೂ 6000 ದಿರಹಂ ಕೊಡ್ತೀವಿ ಅಂತಾರೆ ಅಂದ್ಕೊಳ್ಳಿ, ಒಂದ್ರಲ್ಲಿ ಬೇಸಿಕ್ 2400, ಇನ್ನೊಂದ್ರಲ್ಲಿ 3600. ಐದು ವರ್ಷ ಆದ್ಮೇಲೆ ಮೊದಲನೇದ್ರಲ್ಲಿ ಕೈಗೆ ಬರೋದು 8400, ಎರಡನೇದ್ರಲ್ಲಿ 12600! ಮನೆ ಅವ್ರೇ ಕೊಡ್ತಾರಾ ದುಡ್ಡು ಕೊಡ್ತಾರಾ, ಬೇಸಿಗೆ ರಜೆ ಸಂಬಳ ಉಂಟಾ, ಊರಿಗೆ ಟಿಕೆಟ್ ವರ್ಷಕ್ಕಾ ಎರಡು ವರ್ಷಕ್ಕಾ, ಎಲ್ಲಾ ಬರವಣಿಗೇಲಿ ಬೇಕು. ಪ್ರೊಬೇಷನ್ ಆರು ತಿಂಗಳು ಮೀರಂಗಿಲ್ಲ. ಪಾಸ್‌ಪೋರ್ಟ್ ನಮ್ಮತ್ರ ಇರ್ಲಿ ಅಂತ ಸ್ಕೂಲ್ ಕೇಳಂಗೂ ಇಲ್ಲ.

ಡಿಗ್ರಿ ಸರ್ಟಿಫಿಕೇಟ್ ಅಟೆಸ್ಟೇಷನ್‌ಗೆ ಮೊದ್ಲು ರಾಜ್ಯ ಸರ್ಕಾರ, ಆಮೇಲೆ ವಿದೇಶಾಂಗ ಇಲಾಖೆ, ಆಮೇಲೆ ಯುಎಇ ಎಂಬಸಿ ಅಂತ ಅಲೀಬೇಕು. ಅದ್ರ ಖರ್ಚು ಯಾರದ್ದು ಅಂತ ಇಂಟರ್‌ವ್ಯೂನಲ್ಲೇ ಕೇಳ್ಬಿಡಿ, ಸಂಕೋಚ ಏನೂ ಬೇಡ.

ಏಜೆಂಟ್ ಮೂಲಕ ಹೋಗೋರು ಭಾರತ ಸರ್ಕಾರದ ಇಮೈಗ್ರೇಟ್ ಪೋರ್ಟಲಲ್ಲಿ ಆ ಏಜೆನ್ಸಿ ಹೆಸರಿದ್ಯಾ, ಲೈಸೆನ್ಸ್ ಚಾಲ್ತೀಲಿದ್ಯಾ ನೋಡಿ. ನೋಂದಾಯಿತ ಏಜೆಂಟ್ ತಗೋಬಹುದಾದ ಫೀಸ್ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಸೀಟ್ ಬುಕ್ ಮಾಡೋಕೆ ಒಂದೂವರೆ ಲಕ್ಷ ಅಂದ್ರೆ ಫೋನ್ ಇಟ್ಬಿಡಿ. ವೀಸಾಗೆ ದುಡ್ಡು ಕಟ್ಟಿ ಅಂತ ಸ್ಕೂಲೇ ಕೇಳಿದ್ರೂ ಅಷ್ಟೇ, 2021ರ ಯುಎಇ ಕಾರ್ಮಿಕ ಕಾನೂನಿನ ಪ್ರಕಾರ ನೇಮಕಾತಿ ಖರ್ಚು ಮಾಲೀಕರದ್ದು. ಇನ್ನು ವಿಸಿಟ್ ವೀಸಾದಲ್ಲಿ ಬಂದು ಪಾಠ ಶುರು ಮಾಡಿ, ಆಮೇಲೆ ಚೇಂಜ್ ಮಾಡಿಸ್ಕೊಡ್ತೀವಿ ಅಂದ್ರೆ ಆ ಸ್ಕೂಲ್ ಬಗ್ಗೆ ಇನ್ನೇನೂ ಹುಡುಕೋದು ಬೇಕಿಲ್ಲ, ವಿಸಿಟ್ ವೀಸಾದಲ್ಲಿ ಕೆಲ್ಸ ಮಾಡೋದು ಅಲ್ಲಿ ಕಾನೂನುಬಾಹಿರ, ಸಿಕ್ಕಿಬಿದ್ರೆ ನೀವೂ ದಂಡ ಕಟ್ಬೇಕಾಗುತ್ತೆ.