ಹಳೇ ಪಿಕಪ್, ಹೊಸ ಪಿಕಪ್, ಒಂದು ಬಕೆಟ್ ನೀರು

ಕನಕಪುರ ರಸ್ತೆಯಲ್ಲಿ ನಮ್ಮದೊಂದು ನರ್ಸರಿ ಇದೆ. ಸಸಿ, ಮಣ್ಣಿನ ಕುಂಡ, ಗೊಬ್ಬರದ ಚೀಲ ಸಾಗಿಸಲು ಎರಡು ಪಿಕಪ್ ಇಟ್ಟುಕೊಂಡಿದ್ದೇವೆ. ಒಂದು 2008ರದ್ದು, ಇನ್ನೊಂದು 2023ರದ್ದು. ಹೊಸದು ಬಂದ ಮೇಲೆ ನಮ್ಮ ಡ್ರೈವರ್ ಅಣ್ಣ ಹಳೇದರ ಕೀ ಮುಟ್ಟುವುದನ್ನೇ ಬಿಟ್ಟರು. "ಅಕ್ಕಾ, ಅದರಲ್ಲಿ ಲಾಲ್‌ಬಾಗ್‌ಗೆ ಹೋಗಿಬಂದರೆ ರಾತ್ರಿಯೆಲ್ಲಾ ಕಿವೀಲಿ ಗುಂಯ್ ಅಂತಿರುತ್ತೆ. ಸೊಂಟ ಬೇರೆ ಹಿಡ್ಕೊಳ್ಳುತ್ತೆ" ಅಂದರು. ಅವರಿಗೆ ಐವತ್ತೈದು ದಾಟಿದೆ. ಕೇಳಿ ನನಗೆ ಬೇಜಾರಾಯಿತು. ಹಳೇದನ್ನು ಮಾರುವ ಮುಂಚೆ, ಈ ಕುಲುಕು, ಈ ಸದ್ದು ಎಲ್ಲಿಂದ ಬರುತ್ತಿದೆ ಅಂತ ನಾನೇ ನೋಡಬೇಕು ಅನ್ನಿಸಿತು.

ಮೊದಲ ದಿನವೇ ಒಂದು ತಪ್ಪು ಮಾಡಿದೆ. ಹೊಸದರಲ್ಲಿ ಕುಂಡ ತುಂಬಿತ್ತು, ಹಳೇದು ಖಾಲಿ ಇತ್ತು. ಹಾಗೆ ಹೋಲಿಸಿದರೆ ಹಳೇದಕ್ಕೆ ಅನ್ಯಾಯ. ಪಿಕಪ್‌ನ ಹಿಂದಿನ ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು, ಇರುವುದೇ ಭಾರ ಹೊರುವುದಕ್ಕೆ. ಭಾರ ಇಲ್ಲದಾಗ ಅದು ಬಗ್ಗುವುದಿಲ್ಲ, ಗಾಡಿಯನ್ನೇ ಮೇಲಕ್ಕೆ ಎಸೆಯುತ್ತದೆ. ಹೊಸ ಗಾಡಿಯೂ ಖಾಲಿ ಇದ್ದರೆ ಹಾರುತ್ತದೆ, ಸ್ವಲ್ಪ ಕಡಿಮೆ ಅಷ್ಟೆ.

ಆಮೇಲೆ ಸರಿಯಾಗಿ ಶುರು ಮಾಡಿದೆ. ಭಾನುವಾರ ಬೆಳಿಗ್ಗೆ ಆರು ಗಂಟೆ. ಎರಡರಲ್ಲೂ 50 ಕೆಜಿಯ ಹತ್ತು ಗೊಬ್ಬರದ ಚೀಲ, ಅದೇ ಡ್ರೈವರ್, ಕಿಟಕಿ ಮುಚ್ಚಿ, ಫ್ಯಾನ್ ಆಫ್. ತಲಘಟ್ಟಪುರದಿಂದ ಬನಶಂಕರಿ, ಅಲ್ಲಿಂದ ರಿಂಗ್ ರೋಡ್ ಹಿಡಿದು ನಾಯಂಡಹಳ್ಳಿ ದಾಟಿ ಸುಮನಹಳ್ಳಿ. ಈ ದಾರಿಯಲ್ಲಿ ಡಾಂಬರೂ ಸಿಗುತ್ತದೆ, ವೈಟ್ ಟಾಪಿಂಗ್ ಕಾಂಕ್ರೀಟೂ ಸಿಗುತ್ತದೆ. ಸದ್ದು ಅಳೆಯಲು ಫೋನಿನ ಡೆಸಿಬಲ್ ಆ್ಯಪ್. ಕುಲುಕು ಅಳೆಯಲು ಹಿಂದೆ ಲೋಡ್ ಹಾಕುವ ಜಾಗದಲ್ಲಿ, ಆಕ್ಸಲ್‌ನ ನೇರಕ್ಕೆ ಒಂದು ಬಕೆಟ್ ನೀರು. ಬಕೆಟ್ ಬಾಯಿಂದ ನಾಲ್ಕು ಬೆರಳು ಕೆಳಗೆ ಗೆರೆ ಎಳೆದು ಅಷ್ಟೇ ತುಂಬಿಸಿದೆ. ವಾಪಸ್ ಬಂದ ಮೇಲೆ ಮತ್ತೆ ಗೆರೆ ಮುಟ್ಟಲು ಎಷ್ಟು ಚೊಂಬು ಬೇಕು ಅಂತ ಎಣಿಸಿದೆ. ಸಸಿ ಟ್ರೇಯಲ್ಲಿ ಮಣ್ಣು ಚೆಲ್ಲುವುದೂ ಇದೇ ಲೆಕ್ಕದಲ್ಲಿ ಅಲ್ವಾ?

ಭಾರ ಹಾಕಿದಾಗ ಹಳೇದಕ್ಕೆ ನಾಲ್ಕು ಚೊಂಬು, ಹೊಸದಕ್ಕೆ ಒಂದೂವರೆ. ಡಾಂಬರಿನ ಮೇಲೆ 60 ಕಿಮೀ ವೇಗದಲ್ಲಿ ಹಳೇದು 77 ಡೆಸಿಬಲ್, ಹೊಸದು 70. ಕಾಂಕ್ರೀಟಿನ ಮೇಲೆ ಎರಡೂ ಮೂರು ನಾಲ್ಕು ಏರಿದವು. ಚಕ್ರ ಜಾರದಿರಲಿ ಅಂತ ಕಾಂಕ್ರೀಟಿಗೆ ಅಡ್ಡಡ್ಡ ಗೀರು ಹಾಕಿರುತ್ತಾರೆ, ಟಯರ್ ಅದರ ಮೇಲೆ ಓಡುವಾಗ ಸುಯ್ಯೋ ಅನ್ನುತ್ತದೆ. ಫೋನ್ ತೋರಿಸುವ ಅಂಕಿ ಪಕ್ಕಾ ಅಲ್ಲ. ಆದರೆ ಅದೇ ಫೋನ್, ಅದೇ ಜಾಗದಲ್ಲಿಟ್ಟರೆ ಎರಡರ ನಡುವಿನ ಅಂತರ ನಂಬಬಹುದು. ಡೆಸಿಬಲ್ ಹತ್ತು ಏರಿದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರು ಅನ್ನಿಸುತ್ತದೆ, ಹಾಗಾಗಿ ಏಳು ಅಂದರೆ ಚಿಕ್ಕದಲ್ಲ. ಇನ್ನೊಂದು ವಿಷಯ. ಈ ಆ್ಯಪ್‌ಗಳು ಸಾಮಾನ್ಯವಾಗಿ ದಪ್ಪ ದನಿಯನ್ನು ಕಡಿಮೆ ಲೆಕ್ಕ ಹಾಕುತ್ತವೆ. ಅಣ್ಣನ ಕಿವಿಯಲ್ಲಿ ಉಳಿಯುವ ಆ ಗುಂಯ್ ಇದೆಯಲ್ಲ, ಅದು ಅಂಕಿಯಲ್ಲಿ ಪೂರ್ತಿ ಕಾಣುವುದಿಲ್ಲ. ಮನುಷ್ಯನನ್ನೂ ಕೇಳಲೇಬೇಕು.

ಈಗ ಹಳೇದರ ಕೆಲಸ. ಹಿಂದೆ ಒಂದು ಗ್ಯಾರೇಜಿನವರು ಈ ಗುಂಯ್ ಸದ್ದಿಗೆ ವೀಲ್ ಬೇರಿಂಗ್ ಕಾರಣ ಅಂದು ಎರಡೂ ಬದಲಾಯಿಸಿದ್ದರು. ಸದ್ದು ಹೋಗಲಿಲ್ಲ, ದುಡ್ಡು ಹೋಯಿತು. ನೀವು ಹೀಗೆ ಪರೀಕ್ಷೆ ಮಾಡಿ. ಖಾಲಿ ರಸ್ತೆಯಲ್ಲಿ ಸ್ಟೀರಿಂಗ್ ಅನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ ತೂಗಿ. ಒಂದು ಕಡೆ ವಾಲಿದಾಗ ಸದ್ದು ಏರಿ ಇಳಿದರೆ ಬೇರಿಂಗ್ ಇರಬಹುದು. ರಸ್ತೆ ಬದಲಾದಾಗ ಸದ್ದೂ ಬದಲಾದರೆ ಟಯರ್. ನಮ್ಮದು ಟಯರೇ. ಹಿಂದಿನ ಚಕ್ರಗಳಿಗೆ ದಪ್ಪ ಗಡ್ಡೆಯ ಲಗ್ ಟಯರ್ ಹಾಕಿಸಿದ್ದೆವು, ಅದೂ ಅಲೆಅಲೆಯಾಗಿ ಸವೆದಿತ್ತು. ಉದ್ದ ಗೆರೆಯ ರೇಡಿಯಲ್ ಹಾಕಿಸಿದ ದಿನವೇ ಅರ್ಧ ತಲೆನೋವು ಕಳೆಯಿತು.

ಗಾಳಿಯದ್ದು ನಮ್ಮದೇ ತಪ್ಪು. ಫುಲ್ ಲೋಡಿಗೆ ಬೇಕಾದಷ್ಟು ಗಾಳಿಯನ್ನೇ ಯಾವಾಗಲೂ ಹಾಕಿಸುತ್ತಿದ್ದೆವು. ಖಾಲಿ ಗಾಡಿಗೆ ಎಷ್ಟು, ಲೋಡಿಗೆ ಎಷ್ಟು ಅಂತ ಕಂಪನಿಯವರು ಬೇರೆ ಬೇರೆ ಬರೆದಿರುತ್ತಾರೆ. ಒಮ್ಮೆ ನೋಡಿಕೊಳ್ಳಿ.

ಆಮೇಲೆ ಲೀಫ್ ಸ್ಪ್ರಿಂಗ್ ಬಿಚ್ಚಿಸಿದೆ. ನನಗೆ ಜಾಸ್ತಿ ಆಶ್ಚರ್ಯ ಆಗಿದ್ದು ಇಲ್ಲೇ. ಪಟ್ಟಿಗಳ ನಡುವೆ ತುಕ್ಕು ಹಿಡಿದು, ಒಂದಕ್ಕೊಂದು ಅಂಟಿಕೊಂಡಿದ್ದವು. ಸಣ್ಣ ಗುಂಡಿ ಬಂದಾಗ ಪಟ್ಟಿ ಒಂದರ ಮೇಲೊಂದು ಜಾರಬೇಕು. ಜಾರದಿದ್ದರೆ ಅದು ಸ್ಪ್ರಿಂಗ್ ಅಲ್ಲ, ಕಬ್ಬಿಣದ ತುಂಡು. ಏಟು ನೇರ ಚಾಸಿಸ್ಸಿಗೆ, ಅಲ್ಲಿಂದ ಸೊಂಟಕ್ಕೆ. ಹೊಸದರಲ್ಲಿ ಪಟ್ಟಿಗಳೇ ಕಡಿಮೆ, ಹಾಗಾಗಿ ಉಜ್ಜಾಟವೂ ಕಡಿಮೆ. ಮೇಸ್ತ್ರಿ ತುಕ್ಕು ತೆಗೆದು, ಗ್ರಾಫೈಟ್ ಗ್ರೀಸ್ ಹಚ್ಚಿ, ಬುಷ್ ಹೊಸದು ಹಾಕಿದರು. ನಾಲ್ಕೂ ಶಾಕ್ ಅಬ್ಸಾರ್ಬರ್ ಬದಲಾಯಿಸಿದೆವು. ಕ್ಯಾಬಿನ್ ಕೆಳಗಿನ ರಬ್ಬರ್ ಮೌಂಟ್ ದೋಸೆ ಥರ ಚಪ್ಪಟೆ ಆಗಿತ್ತು, ಕಬ್ಬಿಣ ಕಬ್ಬಿಣಕ್ಕೆ ತಾಗುತ್ತಿತ್ತು. ಅದೂ ಹೊಸದು.

ಸದ್ದು ನುಸುಳುವ ತೂತು ಹುಡುಕಲು ರಾತ್ರಿ ಕ್ಯಾಬಿನ್ ಒಳಗೆ ಟಾರ್ಚ್ ಹಚ್ಚಿಟ್ಟು, ಬಾಗಿಲು ಮುಚ್ಚಿ, ಹೊರಗಿನಿಂದಲೂ ಕೆಳಗಿನಿಂದಲೂ ನೋಡಿದೆ. ಬೆಳಕು ಬರುವ ಕಡೆಯಿಂದಲೇ ಸದ್ದೂ ಒಳಗೆ ಹೋಗುವುದು. ಗೇರ್ ಲಿವರ್ ಬುಡದ ರಬ್ಬರ್ ಹರಿದಿತ್ತು, ಎಡ ಬಾಗಿಲಿನ ಅಂಚಿನ ರಬ್ಬರ್ ಬೀಡಿಂಗ್ ಗಟ್ಟಿಯಾಗಿ ಸೆಟೆದಿತ್ತು. ಎರಡಕ್ಕೂ ಜೆ.ಸಿ. ರಸ್ತೆಯಲ್ಲಿ ಮಾಲು ಸಿಕ್ಕಿತು. ಕಾಲಿಡುವ ಜಾಗಕ್ಕೆ ಟಾರಿನ ಡ್ಯಾಂಪಿಂಗ್ ಶೀಟ್ ಅಂಟಿಸಿದೆ.

ಮತ್ತೊಂದು ಭಾನುವಾರ, ಅದೇ ದಾರಿ, ಅದೇ ಚೀಲ, ಅದೇ ಬಕೆಟ್. ಹಳೇದಕ್ಕೆ ಈಗ ಎರಡು ಚೊಂಬು. ಡಾಂಬರಿನ ಮೇಲೆ 73. ಕುಲುಕಿನಲ್ಲಿ ಹೊಸದಕ್ಕೆ ಹತ್ತಿರ ಬಂತು, ಸದ್ದಿನಲ್ಲಿ ಪೂರ್ತಿ ಬರಲಿಲ್ಲ. ಹಳೇ ಡೀಸೆಲ್ ಇಂಜಿನ್ನಿನ ಕಟಕಟ ಹಾಗೇ ಇದೆ. ಹೊಸ ಕಾಮನ್ ರೈಲ್ ಇಂಜಿನ್ನಿನಲ್ಲಿ ಮೊದಲು ಸ್ವಲ್ಪ ಡೀಸೆಲ್ ಚಿಮ್ಮಿ, ಆಮೇಲೆ ಉಳಿದದ್ದು ಬರುತ್ತದೆ, ಅದಕ್ಕೇ ಅದು ಮೆತ್ತಗೆ ಉರಿಯುತ್ತದೆ. ಹಳೇದರ ಕಟಕಟಕ್ಕೆ ರಬ್ಬರ್ ಹಾಕಿ ಏನೂ ಮಾಡಲಾಗದು.

ಈಗ ಸಸಿ ಟ್ರೇ, ದೂರದ ಡೆಲಿವರಿ ಹೊಸದಕ್ಕೆ. ಮಣ್ಣು, ಗೊಬ್ಬರ ಹಳೇದಕ್ಕೆ, ಅದೂ ಲೋಡ್ ಇದ್ದಾಗ ಮಾತ್ರ. ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ವಾರ ಎರಡೂ ಗಾಡಿ ಲಾಲ್‌ಬಾಗ್‌ಗೆ ಓಡಿದವು. ಒಂದು ಸಂಜೆ ವಾಪಸ್ ಬಂದ ಅಣ್ಣ ಹಳೇದರ ಕೀಯನ್ನು ಮೊಳೆಗೆ ನೇತುಹಾಕಲಿಲ್ಲ, ಜೇಬಿಗೆ ಹಾಕಿಕೊಂಡರು. "ನಾಳೆ ಬೆಳಿಗ್ಗೆ ಗೊಬ್ಬರಕ್ಕೆ ನಾನೇ ಹೋಗ್ತೀನಿ ಅಕ್ಕಾ" ಅಂದರು.