ಮೊದಲ ಕುಮ್ಸಾರಿಗೆ ಮಕ್ಕಳನ್ನು ಹೀಗೆ ತಯಾರು ಮಾಡಿ

ಮಂಗಳೂರು, ಉಡುಪಿ ಕಡೆಯ ಕ್ಯಾಥೊಲಿಕ್ ಇಗರ್ಜಿಗಳಲ್ಲಿ (ಚರ್ಚುಗಳಲ್ಲಿ) ಭಾನುವಾರದ ಪೂಜೆಗೆ ಹೊಂದಿಕೊಂಡೇ ದೊತೊರ್ನ್ ಕ್ಲಾಸ್, ಅಂದರೆ ಮಕ್ಕಳ ಧರ್ಮಬೋಧನೆಯ ಕ್ಲಾಸ್, ಇರುತ್ತದೆ. ಕಲಿಸುವವರು ಹೆಚ್ಚಾಗಿ ಸಂಬಳವಿಲ್ಲದೆ ಬರುವವರು. ಯಾರದೋ ಅಮ್ಮ, ಕಾಲೇಜಿಗೆ ಹೋಗುವ ಹುಡುಗಿ, ರಿಟೈರ್ ಆದ ಮೇಷ್ಟ್ರು, ಕಾನ್ವೆಂಟಿನ ಸಿಸ್ಟರ್. ಶ್ರದ್ಧೆಗೆ ಕೊರತೆ ಇಲ್ಲ. ಆದರೂ ಒಂದು ಜಾಗದಲ್ಲಿ ಕೆಲಸ ಕೆಡುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಅದು ಮೊದಲ ಕುಮ್ಸಾರ್, ಅಂದರೆ ಮೊದಲ ಪಾಪನಿವೇದನೆ: ಫಾದರ್ ಹತ್ತಿರ ತನ್ನ ತಪ್ಪು ಹೇಳಿ ದೇವರ ಕ್ಷಮೆ ಕೇಳುವುದು. ಮಕ್ಕಳು ಹೆದರಿ ಬಿಳುಚಿಕೊಂಡು ಸಾಲಿನಲ್ಲಿ ನಿಂತಿರುತ್ತಾರೆ. ಬಾಯಿಪಾಠ ಮರೆತರೆ ಏನು ಗತಿ ಎನ್ನುವುದೊಂದೇ ಅವರ ಚಿಂತೆ. ದೇವರು ಕ್ಷಮಿಸುತ್ತಾರೆ ಎನ್ನುವ ವಿಷಯ ಆ ಸಾಲಿನಲ್ಲಿ ಯಾರ ತಲೆಯಲ್ಲೂ ಇರುವುದಿಲ್ಲ.

ಮೊದಲ ಪರಮಪ್ರಸಾದಕ್ಕಿಂತ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸುವುದಕ್ಕಿಂತ) ಮುಂಚೆ ಮಗು ಪಾಪನಿವೇದನೆ ಮಾಡಬೇಕು. ಇದು ಧರ್ಮಸಭೆಯ ನಿಯಮ. 1910ರಲ್ಲಿ ಪೋಪ್ ಹತ್ತನೇ ಪಿಯುಸ್ ಅವರು ಸುಮಾರು ಏಳು ವರ್ಷಕ್ಕೆ, ಅಂದರೆ ಸರಿ ತಪ್ಪು ತಿಳಿಯುವ ವಯಸ್ಸಿಗೆ, ಮಕ್ಕಳಿಗೆ ಈ ಎರಡೂ ಸಂಸ್ಕಾರ ಸಿಗಬೇಕು ಎಂದರು. ನಮ್ಮಲ್ಲಿ ಹೆಚ್ಚಾಗಿ ಮೂರು, ನಾಲ್ಕನೇ ಕ್ಲಾಸಿನ ಮಕ್ಕಳು ಕೂರುತ್ತಾರೆ. ಆ ವಯಸ್ಸಿಗೆ ಸರಿಹೊಂದುವ ಕ್ರಮ ಇಲ್ಲಿದೆ.

ಪ್ರಾರ್ಥನೆ ಮನೆಯಲ್ಲೇ

ಪ್ರಾರ್ಥನೆ ಬಾಯಿಪಾಠ ಮಾಡಿಸಲು ಕ್ಲಾಸಿನ ಸಮಯ ಖರ್ಚು ಮಾಡಬೇಡಿ. ಅದು ಮನೆಯ ಕೆಲಸ. ಸಂಜೆ ತೇರ್ಸ್ (ಜಪಸರದ ಪ್ರಾರ್ಥನೆ) ಹೇಳುವ ಮನೆಯ ಮಗುವಿಗೆ ‘ಆಮ್ಚ್ಯಾ ಬಾಪಾ’, ‘ನಮಾನ್ ಮರಿಯೆ’ ಎಂಬ ಕೊಂಕಣಿ ಪ್ರಾರ್ಥನೆಗಳನ್ನು ಯಾರೂ ಕಲಿಸಬೇಕಾಗಿಲ್ಲ, ತಾನಾಗಿ ಬರುತ್ತದೆ. ಇಡೀ ತೇರ್ಸ್ ಆಗದಿದ್ದರೆ ಒಂದು ರಹಸ್ಯ, ಅಂದರೆ ಅದರ ಹತ್ತು ಮಣಿಯ ಒಂದು ಭಾಗ, ಸಾಕು. ಮುಗಿದ ಮೇಲೆ ಹಿರಿಯರ ಹತ್ತಿರ ಬೆಸಾಂವ್ (ಆಶೀರ್ವಾದ) ಕೇಳುವ ಪದ್ಧತಿ ಬಿಡಬೇಡಿ. ಮಕ್ಕಳ ಜೊತೆ ಮನೆಯಲ್ಲಿ ಕೊಂಕಣಿಯೋ ಕನ್ನಡವೋ ಯಾವುದನ್ನು ಮಾತಾಡುತ್ತೀರೋ ಅದರಲ್ಲೇ ಪ್ರಾರ್ಥಿಸಿ. ಶಾಲೆ ಇಂಗ್ಲಿಷ್ ಮೀಡಿಯಂ ಎಂದು ಪ್ರಾರ್ಥನೆಯನ್ನೂ ಇಂಗ್ಲಿಷಿಗೆ ಬದಲಿಸುವ ಅಗತ್ಯ ಇಲ್ಲ.

ಪಾಪದ ಪಟ್ಟಿಗಿಂತ ಮೊದಲು ಕಥೆ

ದಶಾಜ್ಞೆಗಳಿಂದ ಶುರು ಮಾಡುವವರೇ ಜಾಸ್ತಿ. ನಾನು ಒಪ್ಪುವುದಿಲ್ಲ. ಬೈಬಲಿನಲ್ಲಿ ಲೂಕನ ಶುಭಸಂದೇಶದ 15ನೇ ಅಧ್ಯಾಯದಿಂದ ಶುರು ಮಾಡಿ. ಪಾಲು ಕೇಳಿ ಮನೆ ಬಿಟ್ಟು ಹೋದ ಮಗನ ಕಥೆ ಅಲ್ಲಿದೆ. ಪುಸ್ತಕ ಓದಿಸಬೇಡಿ, ನೀವೇ ಹೇಳಿ. ಮಗ ಇನ್ನೂ ದೂರದಲ್ಲಿ ಇರುವಾಗಲೇ ತಂದೆ ಅವನನ್ನು ನೋಡುತ್ತಾನೆ ಎನ್ನುವಲ್ಲಿ ನಿಲ್ಲಿಸಿ. ‘ಈಗ ಅಪ್ಪ ಏನು ಮಾಡುತ್ತಾನೆ?’ ಎಂದು ಕೇಳಿ. ‘ಬೈತಾರೆ’, ‘ಹೊಡೀತಾರೆ’, ‘ಬಾಗಿಲು ಹಾಕ್ತಾರೆ’ ಎಂಬ ಉತ್ತರಗಳು ಬರುತ್ತವೆ. ಎಲ್ಲವನ್ನೂ ಕೇಳಿಸಿಕೊಳ್ಳಿ. ಆಮೇಲೆ ಮುಂದಿನ ಸಾಲು ಹೇಳಿ: ತಂದೆ ಓಡಿ ಬಂದು ಅಪ್ಪಿಕೊಳ್ಳುತ್ತಾನೆ. ಮಗ ತಯಾರು ಮಾಡಿಕೊಂಡು ಬಂದ ಮಾತನ್ನು ಪೂರ್ತಿ ಹೇಳಿ ಮುಗಿಸಲಿಕ್ಕೂ ತಂದೆ ಕಾಯುವುದಿಲ್ಲ.

ಯೂಟ್ಯೂಬಿನ ಬೈಬಲ್ ಕಾರ್ಟೂನ್ ಹಾಕಿ ಕೂರಿಸುವುದು ಸುಲಭ. ಆದರೆ ಕಾರ್ಟೂನು ಆ ಪ್ರಶ್ನೆಯ ಜಾಗದಲ್ಲಿ ನಿಲ್ಲುವುದಿಲ್ಲ. ಮಕ್ಕಳಿಗೆ ಆ ಮಗ ಮೇಯಿಸುತ್ತಿದ್ದ ಹಂದಿಗಳಷ್ಟೇ ನೆನಪಿರುತ್ತವೆ.

ಕಷ್ಟದ ಹಂತ: ಆತ್ಮಪರಿಶೀಲನೆ

ಇಲ್ಲಿಗೆ ಕನಿಷ್ಠ ಮೂರು ಭಾನುವಾರ ಇಡಿ. ಬೇರೆ ಪಾಠ ಕಡಿಮೆಯಾದರೂ ಅಡ್ಡಿಯಿಲ್ಲ.

ಮೊದಲನೆಯದಾಗಿ, ಪ್ರಿಂಟ್ ಮಾಡಿದ ಪಾಪದ ಪಟ್ಟಿ ಕೊಡಬೇಡಿ. ವಾಟ್ಸ್ಆಪ್ ಗ್ರೂಪುಗಳಲ್ಲಿ ಅಂಥವು ಓಡಾಡುತ್ತಿರುತ್ತವೆ. ‘ಅಪ್ಪ ಅಮ್ಮನ ಮಾತು ಕೇಳಲಿಲ್ಲ, ಸುಳ್ಳು ಹೇಳಿದೆ, ತಮ್ಮನ ಜೊತೆ ಜಗಳ ಮಾಡಿದೆ’ ಎಂದು ಇಡೀ ಕ್ಲಾಸ್ ಒಂದೇ ರಾಗದಲ್ಲಿ ಹೇಳುತ್ತದೆ. ಹೀಗೆ ಅಭ್ಯಾಸ ಮಾಡುತ್ತಿದ್ದ ಒಬ್ಬ ಹುಡುಗನಿಗೆ ತಮ್ಮನೇ ಇರಲಿಲ್ಲ, ಮನೆಗೆ ಅವನೊಬ್ಬನೇ ಮಗ. ‘ಮತ್ತೆ ಯಾಕಪ್ಪಾ ಹಾಗೆ ಹೇಳ್ತೀ?’ ಎಂದರೆ, ‘ಅದರಲ್ಲಿ ಹಾಗೆ ಉಂಟಲ್ಲಾ ಟೀಚರ್’ ಎಂದ. ತನ್ನದಲ್ಲದ ಪಾಪವನ್ನು ಒಪ್ಪಿಸುವ ಮಗು ತನ್ನ ಪಾಪವನ್ನು ನೋಡಿಯೇ ಇರುವುದಿಲ್ಲ.

ಪಟ್ಟಿಯ ಬದಲು ಒಂದು ದಿನವನ್ನು ಹಿಡಿದು ನಡೆಸಿ. ಕಣ್ಣು ಮುಚ್ಚಿ ಕೂರಲಿ. ನೀವು ನಿಧಾನವಾಗಿ ಕೇಳುತ್ತಾ ಹೋಗಿ. ಬೆಳಗ್ಗೆ ಎದ್ದಾಗ ದೇವರ ನೆನಪಾಯಿತಾ? ಅಮ್ಮ ಕರೆದಾಗ ಏನು ಹೇಳಿದೆ? ಶಾಲೆಯ ಬಸ್ಸಿನಲ್ಲಿ ಯಾರನ್ನಾದರೂ ಅಡ್ಡಹೆಸರಿನಿಂದ ಕರೆದೆಯಾ? ಟಿಫಿನ್ ತಾರದ ಹುಡುಗಿ ಪಕ್ಕದಲ್ಲಿ ಇದ್ದಳಾ? ಪರೀಕ್ಷೆಯಲ್ಲಿ ಪಕ್ಕದವನ ಪೇಪರ್ ನೋಡಿದೆಯಾ? ಮೊಬೈಲ್ ನೋಡಿ ‘ನೋಡಿಲ್ಲ’ ಎಂದೆಯಾ? ಪ್ರಶ್ನೆ ಪ್ರಶ್ನೆಗೂ ಮಧ್ಯೆ ಸುಮ್ಮನಿರಿ. ಉತ್ತರ ಬಾಯಿ ಬಿಟ್ಟು ಹೇಳುವುದು ಬೇಡವೆಂದು ಮೊದಲೇ ಹೇಳಿಬಿಡಿ. ಕ್ಲಾಸಿನಲ್ಲಿ ಎಲ್ಲರ ಎದುರು ತಪ್ಪು ಒಪ್ಪಿಸುವ ಅಭ್ಯಾಸ ಬೇಡವೇ ಬೇಡ.

ಮಾಡಿದ ತಪ್ಪಿನ ಜೊತೆ ಮಾಡದೆ ಬಿಟ್ಟ ಒಳ್ಳೆಯದೂ ಲೆಕ್ಕಕ್ಕೆ ಬರುತ್ತದೆ. ಟಿಫಿನ್ ಇಲ್ಲದವಳ ಪ್ರಶ್ನೆ ಅದಕ್ಕೇ ಇರುವುದು.

ಎರಡನೆಯ ಭಾನುವಾರ ಯಾವುದು ಪಾಪ ಅಲ್ಲ ಎಂದು ಕಲಿಸಿ. ಇದನ್ನು ಬಿಡುವವರೇ ಎಲ್ಲರೂ. ಕೈ ಜಾರಿ ಗ್ಲಾಸ್ ಒಡೆದರೆ ಪಾಪ ಅಲ್ಲ. ಜ್ವರ ಬಂದು ಭಾನುವಾರದ ಪೂಜೆ ತಪ್ಪಿದರೆ ಪಾಪ ಅಲ್ಲ. ಗಣಿತದಲ್ಲಿ ಮಾರ್ಕು ಕಡಿಮೆ ಬಂದರೆ ಪಾಪ ಅಲ್ಲ. ಕೆಟ್ಟ ಯೋಚನೆ ಸುಮ್ನೆ ಬಂದು ಹೋದರೂ ಅಲ್ಲ, ಅದನ್ನು ಬೇಕೆಂದೇ ಹಿಡಿದುಕೊಂಡರೆ ಮಾತ್ರ. ದೊಡ್ಡ ಪಾಪ ಆಗಬೇಕಾದರೆ ಮೂರೂ ಸೇರಬೇಕು: ವಿಷಯ ಗಂಭೀರವಾಗಿರಬೇಕು, ತಪ್ಪು ಎಂದು ಪೂರ್ತಿ ಗೊತ್ತಿರಬೇಕು, ಬೇಕೆಂದೇ ಮಾಡಿರಬೇಕು. ಇದು ಧರ್ಮಸಭೆಯ ಬೋಧನೆ. ಹೆದರುವ ಮಕ್ಕಳಿಗೆ ಇದನ್ನು ಎರಡೆರಡು ಸಲ ಹೇಳಿ.

ಇನ್ನೊಂದು ಮಾತನ್ನು ಅದೇ ದಿನ ಸ್ಪಷ್ಟವಾಗಿ ಹೇಳಲೇಬೇಕು. ಬೇರೆ ಯಾರಾದರೂ ನಿನಗೆ ನೋವು ಮಾಡಿದರೆ, ಮುಟ್ಟಬಾರದ ರೀತಿಯಲ್ಲಿ ಮುಟ್ಟಿದರೆ, ಅದು ನಿನ್ನ ಪಾಪ ಅಲ್ಲ. ಅದನ್ನು ಅಮ್ಮನಿಗೋ ಟೀಚರಿಗೋ ಕೂಡಲೇ ಹೇಳಬೇಕು. ‘ಯಾರಿಗೂ ಹೇಳಬೇಡ’ ಎಂದು ದೊಡ್ಡವರು ಹೇಳಿದ್ದರೂ ಹೇಳಬೇಕು. ಇದೇ ಕಾರಣಕ್ಕೆ, ಮಕ್ಕಳ ಪಾಪನಿವೇದನೆ ಎಲ್ಲರ ಕಣ್ಣಿಗೆ ಕಾಣುವ, ಆದರೆ ಮಾತು ಕೇಳಿಸದ ಜಾಗದಲ್ಲಿ ನಡೆಯಲಿ ಎಂದು ಫಾದರ್ ಹತ್ತಿರ ಮೊದಲೇ ಮಾತಾಡಿ ಇಟ್ಟುಕೊಳ್ಳಿ.

ಮೂರನೆಯ ಭಾನುವಾರ ಇಗರ್ಜಿಯ ಒಳಗೇ ಕರೆದುಕೊಂಡು ಹೋಗಿ. ಪಾಪನಿವೇದನೆಯ ಪೀಠ ತೋರಿಸಿ. ಮೊಣಕಾಲೂರುವ ಜಾಗ, ಜಾಲರಿ, ಫಾದರ್ ಕೂರುವ ಕುರ್ಚಿ, ಎಲ್ಲವನ್ನೂ ಮುಟ್ಟಿ ನೋಡಲಿ. ಗೊತ್ತಿಲ್ಲದ ಜಾಗದ ಹೆದರಿಕೆ ಅರ್ಧ ಅಲ್ಲಿಗೇ ಕಳೆಯುತ್ತದೆ. ಆಮೇಲೆ ಕ್ರಮ ಅಭ್ಯಾಸ ಮಾಡಿಸಿ: ಶಿಲುಬೆ ಗುರುತು, ‘ಫಾದರ್, ನನ್ನನ್ನು ಆಶೀರ್ವದಿಸಿ, ನಾನು ಪಾಪ ಮಾಡಿದ್ದೇನೆ’ ಎಂಬ ಮಾತು, ಇದು ನನ್ನ ಮೊದಲ ಪಾಪನಿವೇದನೆ ಎಂದು ತಿಳಿಸುವುದು, ಪಾಪಗಳನ್ನು ಹೇಳುವುದು, ಪಶ್ಚಾತ್ತಾಪದ ಪ್ರಾರ್ಥನೆ, ಕ್ಷಮೆಯ ಮಾತು ಕೇಳಿ ‘ಆಮೆನ್’ ಎನ್ನುವುದು. ಅಭ್ಯಾಸಕ್ಕೆ ಪಾಪದ ಜಾಗದಲ್ಲಿ ‘ಒಂದು, ಎರಡು, ಮೂರು’ ಎಂದು ಹೇಳಿದರೆ ಸಾಕು.

ಮರೆಯುವ ಭಯ ಇದ್ದರೆ ಮಗು ತನ್ನ ಕೈಯಲ್ಲೇ ಚೀಟಿ ಬರೆದುಕೊಳ್ಳಲಿ. ಅದನ್ನು ನೀವು ನೋಡಬಾರದು, ಅಕ್ಷರ ತಿದ್ದಲಿಕ್ಕೂ ಬೇಡ. ಮುಗಿದ ಮೇಲೆ ಅವರೇ ಹರಿದು ಹಾಕಲಿ. ಪಾಪ ಒಂದು ಮರೆತುಹೋದರೆ ಅದೂ ಕ್ಷಮೆಯಲ್ಲಿ ಸೇರಿದೆ. ಬೇಕೆಂದೇ ಮುಚ್ಚಿಡಬಾರದು ಅಷ್ಟೇ. ಎಲ್ಲಿ ನೋವೆಂದು ಹೇಳಿದರೆ ತಾನೇ ಡಾಕ್ಟರ್ ಮದ್ದು ಕೊಡುವುದು, ಅಲ್ವಾ? ಈ ಮಾತು ಮಕ್ಕಳಿಗೆ ಬೇಗ ತಾಗುತ್ತದೆ.

‘ಫಾದರ್ ಮಮ್ಮಿಗೆ ಹೇಳಿದರೆ?’ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ನಗಬೇಡಿ. ಫಾದರ್ ಯಾರಿಗೂ ಹೇಳುವ ಹಾಗಿಲ್ಲ. ಮಮ್ಮಿಗಿಲ್ಲ, ಬಿಷಪರಿಗಿಲ್ಲ, ಪೊಲೀಸರಿಗೂ ಇಲ್ಲ. ಬೇಕೆಂದೇ ಬಾಯಿ ಬಿಟ್ಟ ಧರ್ಮಗುರುವಿಗೆ ಧರ್ಮಸಭೆಯಿಂದ ಬಹಿಷ್ಕಾರದ ಶಿಕ್ಷೆ ತಾನಾಗಿಯೇ ಬೀಳುತ್ತದೆ. ಹಾಗೆಯೇ ಅಪ್ಪ ಅಮ್ಮನೂ ‘ಏನು ಹೇಳಿದೆ?’ ಎಂದು ಕೇಳಬಾರದು. ಪೋಷಕರ ಸಭೆಯಲ್ಲಿ ಇದನ್ನು ಗಟ್ಟಿಯಾಗಿ ಹೇಳಿ, ಕೇಳುವವರು ಇದ್ದಾರೆ.

ಫಾದರ್ ಕೊಟ್ಟ ಪ್ರಾಯಶ್ಚಿತ್ತವನ್ನು ಅಲ್ಲೇ ಬೆಂಚಿನಲ್ಲಿ ಕೂತು ಮುಗಿಸಲಿ. ಕದ್ದ ಪೆನ್ ಇದ್ದರೆ ಅದನ್ನು ವಾಪಸ್ ಕೊಡುವುದೂ ಸೇರಿದೆ.

ಪರಮಪ್ರಸಾದ

ಇದು ಸುಲಭ. ಪೂಜೆಯಲ್ಲಿ ಪ್ರತಿಷ್ಠೆ ಆಗದ (ಇನ್ನೂ ಪವಿತ್ರ ಮಾಡದ) ರೊಟ್ಟಿಯಿಂದ ಒಂದು ದಿನ ಅಭ್ಯಾಸ ಮಾಡಿಸಿ, ರುಚಿ ಗೊತ್ತಾಗಲಿ. ಸ್ವೀಕರಿಸುವ ಮುಂಚೆ ಒಂದು ಗಂಟೆ ನೀರು, ಮದ್ದು ಬಿಟ್ಟು ಬೇರೇನೂ ಬೇಡ. ಬಿಳಿ ಫ್ರಾಕು, ಹಾಲ್ ಬುಕಿಂಗ್, ಕೇಕು ಮಗುವಿನ ಕಿವಿಗೆ ಆದಷ್ಟು ಕಡಿಮೆ ಬೀಳಲಿ. ಆನ್‌ಲೈನಿನಲ್ಲಿ ಸಿಗುವ ಮಿಣಮಿಣ ಡಬ್ಬಿಯ ಕಿಟ್ ಕೊಳ್ಳಬೇಡಿ. ಅದರ ಪ್ಲಾಸ್ಟಿಕ್ ಜಪಸರ ವಾರದಲ್ಲಿ ತುಂಡಾಗುತ್ತದೆ. ದಾರದಲ್ಲಿ ಗಂಟು ಹಾಕಿದ ಜಪಸರ ವರ್ಷಗಟ್ಟಲೆ ಬಾಳುತ್ತದೆ.

ಆರನೇ ಕ್ಲಾಸ್ ದಾಟಿದವರಿಗೆ

ಈ ವಯಸ್ಸಿಗೆ ಕ್ಲಾಸ್‌ರೂಮ್ ಸಾಲದು, ಹೊರಗೆ ಕರೆದುಕೊಂಡು ಹೋಗಿ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲಿನಲ್ಲಿ ಇಟಲಿಯ ಜೆಸ್ವಿತ್ ಬ್ರದರ್ ಆಂಟೋನಿಯೊ ಮೊಸ್ಕೇನಿ ಬರೆದ ಚಿತ್ರಗಳಿವೆ. ಅದರಲ್ಲಿ ಸಂತ ಲುವಿಸ್ ಗೊನ್ಜಾಗರ, ಅಂದರೆ ಅದೇ ಸಂತ ಅಲೋಶಿಯಸರ, ಜೀವನ ಉಂಟು. ರೋಮಿನಲ್ಲಿ ರೋಗಿಗಳ ಸೇವೆ ಮಾಡುತ್ತಾ ಅವರಿಗೂ ರೋಗ ತಗುಲಿತು, 1591ರಲ್ಲಿ 23ನೇ ವಯಸ್ಸಿಗೆ ತೀರಿಕೊಂಡರು ಎಂದು ಆ ಚಿತ್ರಗಳ ಕೆಳಗೆ ಕೂತು ಹೇಳಿ. ಇನ್ನೊಂದು ದಿನ ಮುಡಿಪುವಿನಲ್ಲಿರುವ ಸಂತ ಜೋಸೆಫ್ ವಾಜರ ಪುಣ್ಯಕ್ಷೇತ್ರಕ್ಕೆ ಹೋಗಿ. ಗೋವಾದಿಂದ ಬಂದ ಜೋಸೆಫ್ ವಾಜ್ 1680ರ ದಶಕದಲ್ಲಿ ನಮ್ಮ ಈ ಕೆನರಾ ಕರಾವಳಿಯಲ್ಲೇ ಓಡಾಡಿ ಸೇವೆ ಮಾಡಿದವರು. ಆಮೇಲೆ ಡಚ್ಚರ ಕಣ್ಣು ತಪ್ಪಿಸಿ ಶ್ರೀಲಂಕಾಕ್ಕೆ ಹೋದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು.

ಈ ಮಕ್ಕಳ ಪ್ರಶ್ನೆಗಳನ್ನು ಹೆಸರು ಬರೆಯದ ಚೀಟಿಯಲ್ಲಿ ಒಂದು ಡಬ್ಬಿಗೆ ಹಾಕಿಸಿ. ‘ದೇವರು ಇದ್ದರೆ ಅಜ್ಜಿಗೆ ಕ್ಯಾನ್ಸರ್ ಯಾಕೆ?’ ಎಂಬ ಚೀಟಿ ಸಿಕ್ಕರೆ ಅದೇ ದಿನ ಉತ್ತರ ಕೊಡುವ ಅವಸರ ಮಾಡಬೇಡಿ. ಆ ಅಜ್ಜಿಗಾಗಿ ಎಲ್ಲರೂ ಸೇರಿ ಪ್ರಾರ್ಥಿಸಿ, ಮುಂದಿನ ವಾರ ಯೇಸುವಿನ ಪಾಡುಗಳ, ಅಂದರೆ ಅವರು ಪಟ್ಟ ಯಾತನೆಯ, ಪಾಠ ತೆಗೆದುಕೊಳ್ಳಿ.

ಎರಡನೆಯ ಕುಮ್ಸಾರ್

ಮೊದಲನೆಯದಕ್ಕೆ ಇಷ್ಟೆಲ್ಲ ತಯಾರಿ ಮಾಡಿ ಎರಡನೆಯದನ್ನು ಮರೆಯುವ ಮನೆಗಳು ಬಹಳ. ಮುಂದಿನ ಒಂದು ತಿಂಗಳ ಒಳಗೆ ಯಾವುದಾದರೂ ಶನಿವಾರ ಸಂಜೆ ಫಾದರ್ ಯಾವ ಹೊತ್ತಿಗೆ ಸಿಗುತ್ತಾರೆ ಎಂದು ಕೇಳಿ, ಮಗುವನ್ನು ಕರೆದುಕೊಂಡು ಹೋಗಿ. ಮಗುವನ್ನು ಮುಂದೆ ಕಳಿಸಿ ನೀವು ಹೊರಗೆ ಫೋನ್ ನೋಡುತ್ತಾ ನಿಲ್ಲಬೇಡಿ. ಸಾಲಿನಲ್ಲಿ ಮೊದಲು ನೀವು ನಿಲ್ಲಿ, ನಿಮ್ಮ ಹಿಂದೆ ಮಗು ನಿಲ್ಲಲಿ.