ಅಡಿಕೆ ಖರೀದಿಯ ಸಾಫ್ಟ್‌ವೇರ್‌ಗೆ ಅಗತ್ಯಪತ್ರ ಬರೆಯುವ ಬಗೆ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಅಥವಾ ಬದಿಯಡ್ಕದ ಕಡೆಯ ಅಡಿಕೆ ಖರೀದಿ ಕೇಂದ್ರವೊಂದಕ್ಕೆ ಸಾಫ್ಟ್‌ವೇರ್ ಮಾಡಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ಅದು ಏನೇನು ಮಾಡಬೇಕೆಂದು ತಿಳಿಸುವ ಅಗತ್ಯಪತ್ರವನ್ನು ಬರೆಯಲು ಕೂರುವ ಮೊದಲು ಅರ್ಧ ದಿನ ತಕ್ಕಡಿಯ ಬಳಿ ಸುಮ್ಮನೆ ನಿಂತು ನೋಡಿ. ಅಲ್ಲಿನವರಿಗೆ ನಿತ್ಯದ ಅಭ್ಯಾಸವಾಗಿರುವ ಸಂಗತಿ ಹೇಳಬೇಕಾದದ್ದೆಂದು ಅವರಿಗೆ ತೋರುವುದೇ ಇಲ್ಲ.

“ಹಳೆ ಅಡಿಕೆಗೆ ಬೇರೆ ದರ ಹಾಕಬೇಕು” ಎಂಬ ವಾಕ್ಯವನ್ನೇ ತೆಗೆದುಕೊಳ್ಳಿ. ಹೊಸತು, ಹಳೆಯದಾದ ಚೋಲ್, ಇನ್ನೂ ಹಳೆಯದಾದ ಡಬಲ್ ಚೋಲ್ ಎಂಬ ಭೇದವನ್ನು ಅನುಭವಿಗಳು ಅಡಿಕೆಯನ್ನು ತುಂಡರಿಸಿ ನೋಡಿ ಹೇಳುತ್ತಾರೆ. ಪ್ರೋಗ್ರಾಮರ್ ಅದನ್ನು ತಾರೀಕಿನಿಂದ ಲೆಕ್ಕ ಹಾಕಿಬಿಡುತ್ತಾನೆ. ಆದ್ದರಿಂದ ಮೊದಲ ಪುಟದಲ್ಲಿ ಚೋಲ್, ಪಟೋರ, ಉಳ್ಳಿ, ಕರಿಗೋಟು ಮುಂತಾದ ಅಡಿಕೆ ತರಗತಿಗಳ ಪ್ರತಿಯೊಂದು ಹೆಸರಿಗೂ ಅರ್ಥವನ್ನು, ಅದನ್ನು ತೀರ್ಮಾನಿಸುವವರನ್ನು, ತೀರ್ಮಾನ ತಿದ್ದುವ ಅಧಿಕಾರ ಉಳ್ಳವರನ್ನು ಬರೆಯಿರಿ. ಒಂದೇ ಚೀಲದಲ್ಲಿ ಎರಡು ತರಗತಿ ಬಂದರೆ ಏನು ಎಂಬುದನ್ನೂ ಅಲ್ಲೇ ಕೇಳಿಬಿಡಿ.

2009ರಲ್ಲಿ ರೋಲ್ಸ್ ರಾಯ್ಸ್‌ನ ಅಲಿಸ್ಟರ್ ಮೇವಿನ್ ಮತ್ತು ಸಂಗಡಿಗರು ಅಗತ್ಯಗಳನ್ನು ಬರೆಯಲೆಂದು ಪ್ರಕಟಿಸಿದ ಈಯರ್ಸ್ (EARS) ಎಂಬ ವಾಕ್ಯಮಾದರಿಯಲ್ಲಿ ಷರತ್ತು ಮೊದಲು, ವ್ಯವಸ್ಥೆಯ ಕೆಲಸ ಆಮೇಲೆ. ಈ ಕ್ರಮ ಕನ್ನಡಕ್ಕೆ ಸಹಜವಾಗಿಯೇ ಒದಗುತ್ತದೆ. ನಮ್ಮ ತೊಡಕು ಬೇರೆ ಕಡೆಯಿದೆ. “ದಾಖಲಿಸಬೇಕು” ಎಂದರೆ ದಾಖಲಿಸುವವರು ಗುಮಾಸ್ತರೋ ಯಂತ್ರವೋ ತಿಳಿಯದು, ಅದು ಆಸೆಯೋ ಕಟ್ಟಳೆಯೋ ಎಂಬುದೂ ತಿಳಿಯದು. ಕರ್ತೃವನ್ನು ಎಂದೂ ಬಿಡಬೇಡಿ. ಕಡ್ಡಾಯವಾದುದಕ್ಕೆ ಕಾನೂನಿನ ಕನ್ನಡದಲ್ಲಿರುವ “ತಕ್ಕದ್ದು” ಬಳಸಿ, ಆಸೆಗೆ “ಒಳ್ಳೆಯದು” ಎಂದು ಬರೆಯಿರಿ. ಇಂಟರ್ನೆಟ್ ಮಾನದಂಡಗಳ ಭಾಷೆಯನ್ನು ಕುರಿತ 1997ರ ದಾಖಲೆ ಆರ್‌ಎಫ್‌ಸಿ 2119 ಇಂಗ್ಲಿಷಿನಲ್ಲಿ ಮಾಡಿದ್ದೂ ಇಂಥದೇ ವಿಂಗಡಣೆ.

ಗಡಿನಾಡಿನಲ್ಲಿ ಇನ್ನೊಂದು ಎಚ್ಚರ ಅಗತ್ಯ. ಕನ್ನಡದ ಕುಂಬಳೆ ಮಲಯಾಳದಲ್ಲಿ ಕುಂಬಳ. ಕೃಷಿಕರ ಹೆಸರಿನ ಅಕ್ಷರವೂ ದಾಖಲೆಯಿಂದ ದಾಖಲೆಗೆ ಬದಲಾಗುತ್ತದೆ. “ಎರಡೂ ಲಿಪಿಯಲ್ಲಿ ಹುಡುಕಿದಾಗ ವ್ಯವಸ್ಥೆಯು ಒಂದೇ ಖಾತೆಯನ್ನು ತೋರಿಸತಕ್ಕದ್ದು” ಎಂದು ಬರೆದು, ಪರೀಕ್ಷೆಗೆ ನಿಜವಾದ ಜೋಡಿ ಹೆಸರುಗಳನ್ನು ಜತೆಗಿಡಿ. “ಬೇಗ” ಎಂಬ ಪದ ಕಂಡಲ್ಲೆಲ್ಲ ಸೆಕೆಂಡು ಹಾಕಿ. ಮಳೆಗಾಲದಲ್ಲಿ ನೆಟ್‌ವರ್ಕ್ ಕಡಿದಾಗ ರಸೀದಿ ಹೇಗೆ ಎಂಬುದಕ್ಕೂ ಒಂದು ವಾಕ್ಯ ಇರಲಿ.

ಕ್ಯಾಮೆರಾದಿಂದ ತರಗತಿ ಹೇಳಿಸುವ ಆಸೆಯಿದ್ದರೆ ಕೆಲಸ ನಿಜಕ್ಕೂ ಕಠಿಣ, ಏಕೆಂದರೆ ಅಲ್ಲಿ ಸರಿಯುತ್ತರವೇ ಸ್ಥಿರವಲ್ಲ. ಇದಕ್ಕೆ ಸಿದ್ಧ ಸೂತ್ರವಿಲ್ಲ. ಇಬ್ಬರು ಅನುಭವಿಗಳಿಗೆ ಒಂದೇ ರಾಶಿಯನ್ನು ಪ್ರತ್ಯೇಕವಾಗಿ ಕೊಟ್ಟು, ಎಷ್ಟು ಅಡಿಕೆಯಲ್ಲಿ ಅವರ ಮಾತು ಹೊಂದಿತು ಎಂದು ಎಣಿಸಿ, ಯಂತ್ರದ ಗುರಿಯನ್ನು ಆ ಸಂಖ್ಯೆಯ ಆಧಾರದ ಮೇಲೆ ಬರೆಯಿರಿ. ಸಂಶಯ ಬಂದ ಅಡಿಕೆಯನ್ನು ಯಂತ್ರವು ತಾನೇ ತೀರ್ಮಾನಿಸದೆ ಅನುಭವಿಗಳ ಮುಂದಿಡತಕ್ಕದ್ದು.